ದೊಡ್ಡ ಬ್ಯಾಟರಿಯ ಮೇಲೆ ದೂರು ಹೊರಿಸುವ ಮುನ್ನ: ಹೈಬ್ರಿಡ್ ಕಾರಿನ ದೋಷ ಪತ್ತೆ

ನನ್ನ ಹೈಬ್ರಿಡ್ ಕಾರು ಈವರೆಗೆ ಎರಡು ಸಲ ಕೈಕೊಟ್ಟಿದೆ. ಎರಡು ಸಲವೂ ನೋಡಿದವರೆಲ್ಲ ಒಂದೇ ಮಾತು ಹೇಳಿದರು: "ಬ್ಯಾಟರಿ ಹೋಗಿದೆ ಸಾರ್, ದೊಡ್ಡ ಖರ್ಚು." ಮೊದಲ ಸಲ ಹೋಗಿದ್ದು ಬ್ಯಾಟರಿಯೇ ಹೌದು, ಆದರೆ ಅವರು ಬೆರಳು ತೋರಿಸಿದ, ಕಾರು ಓಡಿಸಲು ಬಲ ಕೊಡುವ ದೊಡ್ಡ ಬ್ಯಾಟರಿಯಲ್ಲ, ಡಿಕ್ಕಿಯ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಕುಳಿತಿದ್ದ 12 ವೋಲ್ಟಿನ ಪುಟ್ಟ ಬ್ಯಾಟರಿ. ಎರಡನೆಯ ಸಲ ಅರ್ಧ ತಪ್ಪು ನಮ್ಮ ಮನೆಯ ನಾಯಿಯದು, ಇನ್ನರ್ಧ ಸಮುದ್ರದ್ದು.

ಕಾರು 2011ರದು, ಒಬ್ಬರ ಕೈ ದಾಟಿ ನನಗೆ ಬಂದದ್ದು. ಉಡುಪಿಯ ಉಪ್ಪುಗಾಳಿ, ಮಳೆಗಾಲದ ತೇವ, ಬೇಸಿಗೆಯ ಕೆಮ್ಮಣ್ಣಿನ ಧೂಳು ಎಲ್ಲವನ್ನೂ ಉಂಡಿದೆ. ನಾನು ಮೆಕ್ಯಾನಿಕ್ ಅಲ್ಲ, ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳಿ ನಿವೃತ್ತನಾದವನು. ಮಲ್ಟಿಮೀಟರ್ ಹಿಡಿದು ಅಭ್ಯಾಸವಿತ್ತು. ದೊಡ್ಡ ಬ್ಯಾಟರಿಯ ಪ್ಯಾಕ್ ಪೂರ್ತಿ ಬದಲಾಯಿಸಲು ಕೊಟ್ಟ ಅಂದಾಜುಪಟ್ಟಿ ನೋಡಿ ಬಂದ ಸಿಟ್ಟೂ ಇತ್ತು. ಆ ಮೊತ್ತ ನನ್ನ ಹಳೆಯ ಕಾರಿನ ಬೆಲೆಯ ಅರ್ಧವನ್ನು ದಾಟಿತ್ತು. ನಾನು ಕಲಿತದ್ದು ಇಷ್ಟು: ದೊಡ್ಡ ಬ್ಯಾಟರಿಯನ್ನು ಕಟಕಟೆಗೆ ಕೊನೆಯಲ್ಲಿ ಕರೆಯಬೇಕು. ಅದಕ್ಕಿಂತ ಮೊದಲು ವಿಚಾರಿಸಬೇಕಾದವರು ನಾಲ್ಕೈದು ಮಂದಿ ಇದ್ದಾರೆ, ಹೆಚ್ಚಿನವರು ಅಗ್ಗದವರು.

ನಿಮ್ಮದು ಯಾವ ಹೈಬ್ರಿಡ್?

ಹಿಂಬದಿಯಲ್ಲಿ ಹೈಬ್ರಿಡ್ ಎಂದು ಬರೆದುಕೊಂಡ ಕಾರುಗಳಿಗೆಲ್ಲ ಈ ಬರಹ ಒಪ್ಪುವುದಿಲ್ಲ. 2015ರಿಂದ ನಮ್ಮ ರಸ್ತೆಗಳಲ್ಲಿ ಕಾಣಿಸಿಕೊಂಡ ಎಸ್‌ಎಚ್‌ವಿಎಸ್ ಎಂಬ ಮಾರುತಿ ಸುಜುಕಿಯ ವ್ಯವಸ್ಥೆ ಇರುವ ಕಾರುಗಳು ಮೈಲ್ಡ್ ಹೈಬ್ರಿಡ್‌ಗಳು. ಅವುಗಳಲ್ಲಿ ಎಂಜಿನ್‌ಗೆ ಸ್ವಲ್ಪ ಕೈಜೋಡಿಸುವ ಸಣ್ಣ ಮೋಟಾರ್ ಇರುತ್ತದೆಯೇ ಹೊರತು, ಬರೀ ವಿದ್ಯುತ್ತಿನಲ್ಲಿ ಕಾರು ಒಂದಡಿಯೂ ಚಲಿಸುವುದಿಲ್ಲ. ಅದರ ರೋಗಗಳೇ ಬೇರೆ. ಇಲ್ಲಿ ಹೇಳುತ್ತಿರುವುದು ಬರೀ ವಿದ್ಯುತ್ತಿನಲ್ಲೂ ಸ್ವಲ್ಪ ದೂರ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್ ಬಗ್ಗೆ: 1997ರಲ್ಲಿ ಜಪಾನಿನಲ್ಲಿ ಟೊಯೋಟಾದ ಪ್ರಿಯಸ್ ಹೊರಬಂದಾಗಿನಿಂದ ನಡೆದುಬಂದ ವಂಶ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್, ಹೈರೈಡರ್‌ಗಳ ಹೈಬ್ರಿಡ್ ಮಾದರಿಗಳು ಇದೇ ಕುಲದವು.

ಈ ಕುಲದೊಳಗೂ ಬ್ಯಾಟರಿ ಎರಡು ಬಗೆ. ಹಳೆಯ ಪ್ರಿಯಸ್, ಕ್ಯಾಮ್ರಿ, ಈಗಿನ ಹೈಕ್ರಾಸ್‌ಗಳಲ್ಲಿರುವುದು ನಿಕಲ್ ಮೆಟಲ್ ಹೈಡ್ರೈಡ್. ಹೈರೈಡರ್ ಮತ್ತು ಅದರ ಅವಳಿಯಾದ ಗ್ರ್ಯಾಂಡ್ ವಿಟಾರಾಗಳಲ್ಲಿ ಲಿಥಿಯಂ ಅಯಾನ್, ಅದೂ 0.76 ಕಿಲೋವ್ಯಾಟ್ ಗಂಟೆಯಷ್ಟು ಚಿಕ್ಕದು. ಗಾಳಿಯ ದಾರಿ, ಪುಟ್ಟ ಬ್ಯಾಟರಿ, ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವುದು ಎರಡಕ್ಕೂ ಸಮಾನ. ಮುಂದೆ ಹೇಳುವ ಬ್ಲಾಕ್ ಲೆಕ್ಕ ನಿಕಲ್ ಬ್ಯಾಟರಿಯದು. ವಾರಂಟಿ ಇರುವ ಕಾರಾದರೆ ಸ್ಪ್ಯಾನರ್ ಮುಟ್ಟಲೇ ಬೇಡಿ. ನಮ್ಮ ದೇಶದಲ್ಲಿ ಟೊಯೋಟಾ ತನ್ನ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತದೆ, ನೀವು ಸೀಲು ಮುರಿದ ದಿನ ಅದು ವಾದಕ್ಕೆ ಬೀಳುತ್ತದೆ.

ಮೊದಲ ಸಂಶಯ: ಪುಟ್ಟ ಬ್ಯಾಟರಿ

ಮಾಮೂಲಿ ಕಾರಿನ ಬ್ಯಾಟರಿ ಸಾಯುವ ಮುಂಚೆ ಸೂಚನೆ ಕೊಡುತ್ತದೆ. ಸೆಲ್ಫ್ ಹೊಡೆದರೆ ಎಂಜಿನ್ ಮುಲುಗುತ್ತದೆ, ಹೆಡ್‌ಲೈಟ್ ಮಂಕಾಗುತ್ತದೆ. ನಾವು ಎರಡು ವಾರ ತಳ್ಳಿಕೊಂಡು ಆಮೇಲೆ ಅಂಗಡಿಗೆ ಹೋಗುತ್ತೇವೆ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಈ ಮುಲುಗು ಕೇಳಿಸುವುದೇ ಇಲ್ಲ. ಕಾರಣ, ಇದರಲ್ಲಿ ಬೇರೆಯಾಗಿ ಸೆಲ್ಫ್ ಮೋಟಾರ್ ಇಲ್ಲ, ಡೈನಮೋ ಕೂಡ ಇಲ್ಲ. ಎಂಜಿನ್ ತಿರುಗಿಸುವ ಕೆಲಸವನ್ನು ದೊಡ್ಡ ಬ್ಯಾಟರಿಯ ಬಲದಿಂದ ಮೋಟಾರ್-ಜನರೇಟರ್ ಮಾಡುತ್ತದೆ. ಪುಟ್ಟ ಬ್ಯಾಟರಿಯ ಕೆಲಸ ಕಂಪ್ಯೂಟರ್‌ಗಳನ್ನು ಎಬ್ಬಿಸಿ, ದೊಡ್ಡ ಬ್ಯಾಟರಿಯ ಬಾಗಿಲಾದ ಮುಖ್ಯ ರಿಲೇಗಳ (ವಿದ್ಯುತ್ ಸ್ವಿಚ್‌ಗಳ) ಸಂಪರ್ಕ ಜೋಡಿಸುವುದಷ್ಟೇ. ಆ ಹಗುರ ಕೆಲಸವನ್ನು ಅದು ಪ್ರಾಣ ಹೋಗುವ ದಿನದ ತನಕ ಮಾಡಿಕೊಂಡು ಹೋಗುತ್ತದೆ. ಆಮೇಲೆ ಒಂದು ಬೆಳಿಗ್ಗೆ ಬಟನ್ ಒತ್ತಿದರೆ ಡ್ಯಾಶ್‌ಬೋರ್ಡ್ ದೀಪಾವಳಿ: ಎಬಿಎಸ್, ಸ್ಟೀರಿಂಗ್, ಕೆಂಪು ತ್ರಿಕೋನ, ಹೈಬ್ರಿಡ್ ಸಿಸ್ಟಂ ಪರಿಶೀಲಿಸಿ ಎಂಬ ಸಂದೇಶ, ಎಲ್ಲ ಒಟ್ಟಿಗೆ. ರಿಲೇ ಟಕಟಕ ಬಡಿಯುತ್ತದೆ, ಕಾರು ಹೊರಡಲು ಸಿದ್ಧ ಎನ್ನುವ 'ರೆಡಿ' ದೀಪ ಮಾತ್ರ ಹೊತ್ತುವುದಿಲ್ಲ.

ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕಾರು ದೀಪ ಒಟ್ಟಿಗೆ ಹೊತ್ತಿದರೆ ಕಂಪ್ಯೂಟರ್‌ಗಳಿಗೆ ಹೊಟ್ಟೆಗಿಲ್ಲ ಎಂದು ಮೊದಲು ಭಾವಿಸಿ, ಆಮೇಲೆ ಬೇರೆಯದನ್ನು ಯೋಚಿಸಿ.

ಪರೀಕ್ಷೆಗೆ ಸಾವಿರ ರೂಪಾಯಿಯೊಳಗಿನ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನಲ್ಲಿ, ಬೆಳಿಗ್ಗೆ ಏನನ್ನೂ ಹಾಕುವ ಮುನ್ನ, ಪುಟ್ಟ ಬ್ಯಾಟರಿಯ ಎರಡು ತುದಿಗಳ ನಡುವೆ ಅಳೆಯಿರಿ. 12.6ರ ಆಸುಪಾಸು ಇದ್ದರೆ ಆರೋಗ್ಯ. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. 12ರ ಕೆಳಗಿದ್ದರೆ ಬರಿದು. ಇಷ್ಟಕ್ಕೇ ತೃಪ್ತರಾಗಬೇಡಿ, ಮುದಿ ಬ್ಯಾಟರಿ ಸುಮ್ಮನೆ ನಿಂತಾಗ ಒಳ್ಳೆಯ ಅಂಕೆಯನ್ನೇ ತೋರಿಸುತ್ತದೆ. ಬ್ರೇಕ್ ತುಳಿಯದೆ ಬಟನ್ ಎರಡು ಸಲ ಒತ್ತಿ, ಹೆಡ್‌ಲೈಟ್ ಹಾಕಿ, ಒಂದು ನಿಮಿಷ ಕಾಯಿರಿ. ಅಂಕೆ ನಿಂತಲ್ಲಿ ನಿಲ್ಲದೆ 11.5ರ ಕೆಳಕ್ಕೆ ಜಾರಿದರೆ ಬದಲಾಯಿಸುವ ಕಾಲ ಬಂತು. ಕೊನೆಯದಾಗಿ ಬ್ರೇಕ್ ತುಳಿದು 'ರೆಡಿ' ಮಾಡಿ ನೋಡಿ, 13.5ರಿಂದ 14.5ರೊಳಗೆ ಬರಬೇಕು. ಬರದಿದ್ದರೆ ಡೈನಮೋದ ಜಾಗದಲ್ಲಿರುವ, ದೊಡ್ಡ ಬ್ಯಾಟರಿಯ ವೋಲ್ಟೇಜ್ ಇಳಿಸಿ ಪುಟ್ಟದನ್ನು ಚಾರ್ಜ್ ಮಾಡುವ ಡಿಸಿ-ಡಿಸಿ ಕನ್ವರ್ಟರ್ ಅಥವಾ ಅದರ ಫ್ಯೂಸ್ ಕಡೆ ತನಿಖೆ ತಿರುಗಬೇಕು.

ನನ್ನದು 11.3 ತೋರಿಸಿತು. ಆದರೆ ಬ್ಯಾಟರಿಗೆ ವಯಸ್ಸಾಗಿರಲಿಲ್ಲ, ಹಿಂದಿನ ವರ್ಷವಷ್ಟೇ ಹಾಕಿಸಿದ್ದು. ಕಳ್ಳ ಬೇರೆಲ್ಲೋ ಇದ್ದ. ಮೀಟರನ್ನು ಆಂಪಿಯರ್‌ಗೆ ತಿರುಗಿಸಿ ನೆಗೆಟಿವ್ ತಂತಿಯ ಜೊತೆ ಸಾಲಾಗಿ ಜೋಡಿಸಿದೆ. ಕಾರಿನ ಕಂಪ್ಯೂಟರ್‌ಗಳು ಮಲಗಲು ಅರ್ಧ ಗಂಟೆಯಾದರೂ ಬೇಕು, ಅಷ್ಟರಲ್ಲಿ ಒಂದು ಲೋಟ ಕಾಫಿ ಆಯಿತು. ಬಂದು ನೋಡಿದರೆ 0.2 ಆಂಪಿಯರ್. ನನ್ನ ಬ್ಯಾಟರಿಯದು 45 ಆಂಪಿಯರ್ ಗಂಟೆ. ಲೆಕ್ಕ ಹಾಕಿದರೆ 225 ಗಂಟೆ, ಒಂಬತ್ತು ದಿನಕ್ಕೆ ಬರಿದು. ಮಗಳ ಮನೆಗೆಂದು ಹತ್ತು ದಿನ ಹೋಗಿಬಂದಿದ್ದೆವು. ಹೊಸದಾಗಿ ಹಾಕಿಸಿದ ಡ್ಯಾಶ್‌ಕ್ಯಾಮೆರಾದ ಪ್ಲಗ್ ಕಿತ್ತೊಡನೆ ಅಂಕೆ 0.03ಕ್ಕೆ ಇಳಿಯಿತು. ದೊಡ್ಡ ಬ್ಯಾಟರಿ ಇಷ್ಟಕ್ಕೆಲ್ಲ ಸಾಕ್ಷಿಯೂ ಆಗಿರಲಿಲ್ಲ.

ಬದಲಾಯಿಸುವಾಗ ಒಂದು ಜಾಗ್ರತೆ. ಪುಟ್ಟ ಬ್ಯಾಟರಿ ಡಿಕ್ಕಿಯಲ್ಲೋ ಸೀಟಿನ ಪಕ್ಕದಲ್ಲೋ ಇದ್ದರೆ, ಅದು ಅನಿಲವನ್ನು ಹೊರಗೆ ಬಿಡುವ ಕೊಳವೆ ಇರುವ ಎಜಿಎಂ (ದ್ರವ ತುಳುಕದ, ಮುಚ್ಚಿದ) ಬ್ಯಾಟರಿಯೇ ಆಗಬೇಕು. ಡಿಸ್ಟಿಲ್ಡ್ ವಾಟರ್ ತುಂಬುವ ಮಾಮೂಲಿ ಬ್ಯಾಟರಿ ಹಾಕಿದರೆ ಚಾರ್ಜ್ ಆಗುವಾಗ ಹೊರಡುವ ಅನಿಲ ಕೂರುವ ಜಾಗಕ್ಕೇ ಬರುತ್ತದೆ. ಅಂಗಡಿಯವರು "ಇದೂ ನಡೆಯುತ್ತದೆ, ಅರ್ಧ ರೇಟು" ಎಂದು ಹೇಳಿಯೇ ಹೇಳುತ್ತಾರೆ. ಬೇಡ. ಬೇರೆ ಬ್ಯಾಟರಿಯಿಂದ ಜಂಪ್ ಮಾಡುವಾಗ ಪ್ಲಸ್ ಮೈನಸ್ ಅದಲುಬದಲಾದರೆ ಫ್ಯೂಸ್‌ಗೇ ಮುಗಿಯಬಹುದು, ಬ್ಯಾಟರಿಯ ಡಿಸಿಯನ್ನು ಮೋಟಾರಿಗೆ ಎಸಿಯಾಗಿಸುವ ಇನ್ವರ್ಟರ್‌ವರೆಗೂ ಹೋಗಬಹುದು. ನಿಮ್ಮ ಹೈಬ್ರಿಡ್‌ನಿಂದ ಪಕ್ಕದ ಮನೆಯ ಡೀಸೆಲ್ ಜೀಪಿಗೆ ಜಂಪ್ ಕೊಡುವ ಪರೋಪಕಾರವನ್ನೂ ಮಾಡಬೇಡಿ.

ಎರಡನೆಯ ಸಂಶಯ: ಗಾಳಿಯ ದಾರಿ

ದೊಡ್ಡ ಬ್ಯಾಟರಿ ಸೆಖೆ ತಾಳುವುದಿಲ್ಲ. ಹೆಚ್ಚಿನ ನಿಕಲ್ ಪ್ಯಾಕ್‌ಗಳನ್ನು ತಂಪಾಗಿಡುವುದು ನಾವು ಕೂರುವ ಜಾಗದ ಎ.ಸಿ. ಗಾಳಿಯೇ. ಹಿಂದಿನ ಸೀಟಿನ ಪಕ್ಕದಲ್ಲೋ ಕೆಳಗೋ ಒಂದು ಜಾಲರಿ ಇರುತ್ತದೆ. ಅದರ ಹಿಂದೆ ಪಂಜರದಂಥ ಫ್ಯಾನ್. ಮಾಲೀಕರ ಕೈಪಿಡಿಯಲ್ಲಿ ಚಿತ್ರವಿರುತ್ತದೆ. ಅದರ ಮುಂದೆ ಮದುವೆ ಮನೆಯ ಬ್ಯಾಗು ಒತ್ತಿಟ್ಟರೂ ಸಾಕು, ಬ್ಯಾಟರಿಗೆ ಉಸಿರು ಕಟ್ಟುತ್ತದೆ.

ಏಪ್ರಿಲ್‌ನ ಒಂದು ಮಧ್ಯಾಹ್ನ ನನ್ನ ಕಾರಿನ ಎಚ್ಚರಿಕೆ ದೀಪ ಹೊತ್ತಿದಾಗ, ಅದಕ್ಕೆ ಹದಿನೈದು ದಿನ ಮೊದಲಿನಿಂದ ಹಿಂದಿನ ಸೀಟಿನ ಕಡೆಯಿಂದ ಹೇರ್ ಡ್ರೈಯರ್‌ನಂಥ ಸದ್ದು ಬರುತ್ತಿತ್ತು. ನಾನು ಕೇಳಿಸಿಕೊಂಡಿದ್ದೆ, ತಲೆಗೆ ಹಾಕಿಕೊಂಡಿರಲಿಲ್ಲ. ಸರ್ವಿಸ್ ಸೆಂಟರಿನವರು ಕೋಡ್ ಓದಿ ಪಿ0ಎ80 ಎಂದರು. ಪುಸ್ತಕದ ಪ್ರಕಾರ ಅದರ ಅರ್ಥವೇ ಹೈಬ್ರಿಡ್ ಬ್ಯಾಟರಿ ಪ್ಯಾಕ್ ಬದಲಾಯಿಸಿ ಎಂದು. ಪುಸ್ತಕದಲ್ಲಿ ಬರೆದದ್ದನ್ನು ಅವರು ಹೇಳಿದರು, ಅದರಲ್ಲಿ ಅವರ ತಪ್ಪಿಲ್ಲ. ಜಾಲರಿ ಬಿಚ್ಚಿ ನೋಡಲಿಲ್ಲ ಎಂಬುದಷ್ಟೇ ನನ್ನ ದೂರು.

ಮನೆಗೆ ಬಂದು ನಾನೇ ಬಿಚ್ಚಿದೆ. ನಾಲ್ಕು ಕ್ಲಿಪ್, ಮೂರು ನಟ್. ಫ್ಯಾನಿನ ಎಲೆಗಳೇ ಕಾಣಿಸುತ್ತಿರಲಿಲ್ಲ. ಕಂದು ಬಣ್ಣದ ನಾಯಿಕೂದಲು ಕೆಮ್ಮಣ್ಣಿನ ಪುಡಿಯೊಂದಿಗೆ ಸೇರಿ, ಮಳೆಗಾಲದ ತೇವದಲ್ಲಿ ನೆನೆದು, ಬೇಸಿಗೆಯಲ್ಲಿ ಒಣಗಿ, ಕಂಬಳಿಯ ತುಂಡಿನಂತೆ ಹೆಣೆದುಕೊಂಡಿತ್ತು. ಉಗುರಿನಿಂದ ಎಳೆದರೆ ಇಡಿಯಾಗಿ, ಫ್ಯಾನಿನ ಅಚ್ಚು ತೆಗೆದ ಹಾಗೆ ಕೈಗೆ ಬಂತು. ಹೆಂಡತಿ ನೋಡಿ, "ಇದರಲ್ಲಿ ಇನ್ನೊಂದು ನಾಯಿ ಮಾಡಬಹುದು" ಎಂದಳು.

ಹಳೆಯ ಹಲ್ಲುಜ್ಜುವ ಬ್ರಷ್, ವ್ಯಾಕ್ಯೂಮ್ ಕ್ಲೀನರ್ ಸಾಕು. ಕಂಪ್ರೆಸರ್ ಗಾಳಿಯನ್ನು ಜಾಲರಿಯಿಂದ ಒಳಕ್ಕೆ ಊದಬೇಡಿ, ಕಸವೆಲ್ಲ ಪ್ಯಾಕಿನೊಳಗೆ ಸಾಲಾಗಿ ಕೂರಿಸಿದ ಬ್ಯಾಟರಿ ತುಂಡುಗಳಾದ ಮಾಡ್ಯೂಲ್‌ಗಳ ನಡುವಿನ ಸಂದಿಗೆ ಹೋಗಿ ಕೂರುತ್ತದೆ. ಆಮೇಲೆ ತೆಗೆಯಲು ಪ್ಯಾಕ್ ಬಿಚ್ಚಬೇಕು. ಹೊಸ ಮಾದರಿಗಳಲ್ಲಿ ತೊಳೆಯಬಹುದಾದ ಫಿಲ್ಟರ್ ಕೊಟ್ಟಿರುತ್ತಾರೆ. ಫ್ಯಾನ್ ತಿರುಗುತ್ತಲೇ ಇಲ್ಲವೆಂದಾದರೆ ಅದಕ್ಕೆ ಬೇರೆ ಕೋಡ್‌ಗಳಿವೆ, ಪಿ0ಎ82ರ ಆಸುಪಾಸಿನವು. ನನ್ನ ಫ್ಯಾನ್ ಪಾಪ ತಿರುಗುತ್ತಿತ್ತು, ಗಾಳಿ ಹೋಗುತ್ತಿರಲಿಲ್ಲ. ಅದಕ್ಕೆ ಕೋಡ್ ಬರಲಿಲ್ಲ.

ಗಾಳಿ ಕಟ್ಟಿದರೆ ಮೊದಲು ನರಳುವುದು ಪ್ಯಾಕಿನ ನಡುಭಾಗ. ತುದಿಯ ಮಾಡ್ಯೂಲ್‌ಗಳಿಗೆ ಒಂದು ಪಕ್ಕ ಖಾಲಿ ಇರುತ್ತದೆ, ನಡುವಿನವು ಎರಡೂ ಕಡೆ ಬಿಸಿ ನೆರೆಹೊರೆ. ಹಳೆಯ ಪ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ನಡುವಿನ ಬ್ಲಾಕ್‌ಗಳೇ ಮೊದಲು ಸೋಲುವುದಕ್ಕೆ ಇದೇ ಕಾರಣ.

ಬ್ಲಾಕ್‌ಗಳ ಲೆಕ್ಕ, ಆಗುಂಬೆ ಘಾಟಿಯಲ್ಲಿ

ಕೋಡ್ ಓದಲು, ಕಾರಿನ ಕಂಪ್ಯೂಟರ್ ಜೊತೆ ಮಾತನಾಡಲು ಇರುವ ಒಬಿಡಿ ಪೋರ್ಟಿಗೆ ಚುಚ್ಚುವ ಬ್ಲೂಟೂತ್ ಅಡಾಪ್ಟರ್ ಒಂದು ಬೇಕು, ಮೊಬೈಲ್‌ನಲ್ಲಿ ಹೈಬ್ರಿಡ್ ಓದಬಲ್ಲ ಆ್ಯಪ್ ಒಂದು. ಟೊಯೋಟಾ ಕುಲದವಕ್ಕೆ ಡಾಕ್ಟರ್ ಪ್ರಿಯಸ್ ಎಂಬ ಆ್ಯಪ್ ಬಳಕೆಯಲ್ಲಿದೆ. ಎಂಜಿನ್ ಕೋಡ್ ಮಾತ್ರ ಓದುವ ಆ್ಯಪ್‌ಗಳಿಂದ ಉಪಯೋಗವಿಲ್ಲ, ಬ್ಲಾಕ್ ವೋಲ್ಟೇಜ್ ತೋರಿಸಬೇಕು.

ಇಲ್ಲಿ ಸ್ವಲ್ಪ ಪಾಠ ಹೇಳುವುದು ಅನಿವಾರ್ಯ, ಹಳೆಯ ಚಾಳಿ. ಎರಡನೆಯ, ಮೂರನೆಯ ತಲೆಮಾರಿನ ಪ್ರಿಯಸ್‌ನಲ್ಲಿರುವಂಥ ಪ್ಯಾಕಿನಲ್ಲಿ 28 ಮಾಡ್ಯೂಲ್‌ಗಳಿವೆ. ಒಂದೊಂದರಲ್ಲಿ 1.2 ವೋಲ್ಟಿನ 6 ಸೆಲ್. ಒಟ್ಟು 168 ಸೆಲ್, 201.6 ವೋಲ್ಟ್. ಎರಡನೆಯ ತಲೆಮಾರಿನಲ್ಲಿ ಕಂಪ್ಯೂಟರ್ ಎರಡೆರಡು ಮಾಡ್ಯೂಲ್‌ಗಳನ್ನು ಒಂದು ಬ್ಲಾಕ್ ಎಂದು ಎಣಿಸಿ 14 ಬ್ಲಾಕ್‌ಗಳನ್ನು ಕಾಯುತ್ತದೆ, ಬ್ಲಾಕಿಗೆ 12 ಸೆಲ್, 14.4 ವೋಲ್ಟ್. ನನ್ನ ಕಾರಿನ ಪ್ಯಾಕೂ ಇದೇ ಕಟ್ಟಿನದು. ಒಂದು ಸೆಲ್ ಸತ್ತರೆ ಆ ಬ್ಲಾಕ್ ಉಳಿದವಕ್ಕಿಂತ ಸುಮಾರು 1.2 ವೋಲ್ಟ್ ಕೆಳಗೆ ನಿಲ್ಲುತ್ತದೆ. ಇಷ್ಟು ನೆನಪಿಟ್ಟರೆ ಆ್ಯಪ್ ತೋರಿಸುವ ಅಂಕೆಗಳು ಮಾತನಾಡತೊಡಗುತ್ತವೆ.

ಸೆಲ್ ಸತ್ತಿರದಿದ್ದರೆ ನಿಂತ ಕಾರಿನಲ್ಲಿ ಎಲ್ಲ ಬ್ಲಾಕ್‌ಗಳೂ ಸಂಭಾವಿತರಂತೆ ಒಂದೇ ಅಂಕೆ ಹೇಳುತ್ತವೆ. ಕೆಲಸ ಕೊಟ್ಟು ನೋಡಬೇಕು. ನಮ್ಮ ಕಡೆಯವರಿಗೆ ಅದಕ್ಕೊಂದು ಒಳ್ಳೆಯ ಪ್ರಯೋಗಶಾಲೆ ಇದೆ: ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಘಾಟಿ, 14 ಹೇರ್‌ಪಿನ್ ತಿರುವು. ಬ್ಲಾಕ್‌ಗಳೂ 14, ತಿರುವುಗಳೂ 14. ಕಾಕತಾಳೀಯವಾದರೂ ನನಗೆ ಖುಷಿಯಾಯಿತು. ಹತ್ತುವಾಗ ಬ್ಯಾಟರಿಯಿಂದ ವಿದ್ಯುತ್ ಹೊರಹೋಗುತ್ತದೆ, ಇಳಿಯುವಾಗ ಒಳಬರುತ್ತದೆ. ಮಗಳು ಪಕ್ಕದಲ್ಲಿ ಕುಳಿತು ಮೊಬೈಲ್ ನೋಡಿ ಅಂಕೆ ಓದಿದಳು, ನಾನು ರಸ್ತೆ ನೋಡಿದೆ. ಓಡಿಸುವವರೇ ಮೊಬೈಲ್ ನೋಡುವ ಸಾಹಸ ಈ ರಸ್ತೆಯಲ್ಲಿ ಯಾರೂ ಮಾಡಬಾರದು.

ಸೋಮೇಶ್ವರದ ತಳದಲ್ಲಿ ನಿಂತಾಗ 14 ಬ್ಲಾಕ್‌ಗಳೂ 15.6ರ ಸುತ್ತ. ಆರನೆಯ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಉಳಿದವು 14.2, ಎಂಟನೆಯ ಬ್ಲಾಕ್ 13.1. ಆಗುಂಬೆಯಲ್ಲಿ ಚಹಾ ಕುಡಿದು ಹಿಂದಿರುಗಿ ಇಳಿಯುವಾಗ ಉಳಿದವು 16.8, ಅದೇ ಎಂಟನೆಯದು 17.5. "ಅಪ್ಪಾ, ಹತ್ತುವಾಗ ಎಲ್ಲರಿಗಿಂತ ಕೆಳಗಿದ್ದದ್ದು ಈಗ ಎಲ್ಲರಿಗಿಂತ ಮೇಲಿದೆ" ಎಂದಳು ಮಗಳು. ರೋಗದ ಗುರುತು ಸಿಕ್ಕಿದ್ದು ಆ ಮಾತಿನಲ್ಲಿ.

ಸೆಲ್ ಸತ್ತಿದ್ದರೆ ನಿಂತಾಗಲೂ ಕೆಳಗೇ, ಹತ್ತುವಾಗಲೂ ಕೆಳಗೇ, ಇಳಿಯುವಾಗಲೂ ಕೆಳಗೇ ಇರುತ್ತಿತ್ತು. ನಿಂತಾಗ ಸರಿಯಿದ್ದು, ವಿದ್ಯುತ್ ಹೊರಹೋಗುವಾಗ ತಗ್ಗಿ, ಒಳಬರುವಾಗ ಏರುವುದು ಪ್ರತಿರೋಧದ ಲಕ್ಷಣ. ನೀರಿನ ಪೈಪಿನಲ್ಲಿ ಕಸ ಸಿಕ್ಕಿದ ಹಾಗೆ, ಎತ್ತ ಹರಿದರೂ ಅಲ್ಲಿ ಅಡ್ಡಿ. ಪ್ರತಿರೋಧ ಮಾಡ್ಯೂಲಿನ ಒಳಗೆ ಹುಟ್ಟಿರಬಹುದು, ಹಾಗಿದ್ದರೆ ಆ ಮಾಡ್ಯೂಲಿನ ಆಯುಸ್ಸು ಮುಗಿದಂತೆ. ಹೊರಗೆ, ಮಾಡ್ಯೂಲ್‌ಗಳನ್ನು ಬೆಸೆಯುವ ತಾಮ್ರದ ಪಟ್ಟಿಗಳ ಮೇಲೂ ಇರಬಹುದು. ಆ್ಯಪ್ ಎರಡಕ್ಕೂ ಒಂದೇ ಅಂಕೆ ತೋರಿಸುತ್ತದೆ. ಆದರೆ ಪಟ್ಟಿ ಉಜ್ಜುವುದು ಅಗ್ಗ, ಆದ್ದರಿಂದ ಮೊದಲು ಅದು.

ಪ್ಯಾಕ್ ಬಿಚ್ಚುವ ಕೆಲಸ ನಿಮ್ಮದಲ್ಲ

ಇಲ್ಲಿಯವರೆಗಿನದನ್ನು ಯಾರಾದರೂ ಮಾಡಬಹುದು. ಇನ್ನು ಮುಂದಿನದಕ್ಕೆ ಹೈವೋಲ್ಟೇಜ್ ತರಬೇತಿ ಪಡೆದವರನ್ನೇ ಕರೆಯಿರಿ. ಮೂವತ್ತು ವರ್ಷ ಕರೆಂಟಿನ ಪಾಠ ಹೇಳಿದ ನಾನೂ ಕರೆದೆ. 200 ವೋಲ್ಟಿನ ಡಿಸಿ ಮನೆಯ ಕರೆಂಟಿನಂತಲ್ಲ. ಅದರ ಕಿಡಿ ತಾನಾಗಿ ಆರುವುದಿಲ್ಲ, ಹಿಡಿದರೆ ಸ್ನಾಯು ಬಿಗಿದುಕೊಳ್ಳುತ್ತದೆ. ಇನ್ವರ್ಟರ್‌ನೊಳಗೆ ಇದೇ ವಿದ್ಯುತ್ತನ್ನು 500 ವೋಲ್ಟ್, ಕೆಲವು ಮಾದರಿಗಳಲ್ಲಿ 650 ವೋಲ್ಟ್‌ವರೆಗೂ ಏರಿಸುತ್ತಾರೆ. ಹೈವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ತಂತಿ ಕಂಡಲ್ಲಿ ಕೈ ಹಿಂದೆ ಇರಲಿ.

ಬಂದ ಹುಡುಗ ಬೆಂಗಳೂರಿನಲ್ಲಿ ವಿದ್ಯುತ್ ವಾಹನಗಳ ಕೆಲಸ ಕಲಿತು ಊರಿಗೆ ಹಿಂದಿರುಗಿದವನು. ಅವನು ಮಾಡಿದ ಕ್ರಮವನ್ನು ಬರೆಯುತ್ತೇನೆ, ನಿಮ್ಮ ಮೆಕ್ಯಾನಿಕ್ ಹೀಗೆ ಮಾಡುತ್ತಾನೋ ಇಲ್ಲವೋ ನೋಡಿಕೊಳ್ಳಲು. ಮೊದಲು ಸ್ಮಾರ್ಟ್ ಕೀಯನ್ನು ನನ್ನ ಕೈಗೆ ಕೊಟ್ಟು ಮನೆಯೊಳಗೆ ಇಟ್ಟುಬರಲು ಹೇಳಿದ. ಪುಟ್ಟ ಬ್ಯಾಟರಿಯ ನೆಗೆಟಿವ್ ಕಳಚಿದ. 1000 ವೋಲ್ಟ್‌ಗೆ ತಾಳುವ ರಬ್ಬರ್ ಕೈಗವಸಿಗೆ ಗಾಳಿ ತುಂಬಿ, ಸುರುಳಿ ಸುತ್ತಿ, ತೂತು ಇದೆಯೇ ಎಂದು ಕಿವಿಯ ಹತ್ತಿರ ಹಿಡಿದು ಕೇಳಿದ. ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಎಳೆದು ತನ್ನ ಜೇಬಿಗೆ ಹಾಕಿಕೊಂಡ. ಯಾರೋ ಸಹಾಯ ಮಾಡಲು ಹೋಗಿ ಮತ್ತೆ ಚುಚ್ಚದಿರಲಿ ಎಂದು. ಕೆಪಾಸಿಟರ್‌ಗಳು ಬರಿದಾಗಲು ಹತ್ತು ನಿಮಿಷ ಕಾದ. ಮೀಟರ್ ಹಿಡಿದು ಸೊನ್ನೆ ನೋಡಿದ. ಆಮೇಲೆಯೇ ಮೊದಲ ಬೋಲ್ಟ್. ಈ ಹತ್ತು ನಿಮಿಷ ಕಾಯದವನ ಕೈಗೆ ಕಾರು ಕೊಡಬೇಡಿ.

ಮುಚ್ಚಳ ತೆಗೆದಾಗ ಎಂಟನೆಯ ಬ್ಲಾಕಿನ ಪಟ್ಟಿಯ ಮೇಲೆ, ಅಜ್ಜಿಯ ಮನೆಯ ಅಟ್ಟದ ತಾಮ್ರದ ಹಂಡೆಯ ಮೇಲಿರುತ್ತಿತ್ತಲ್ಲ, ಅದೇ ಹಸಿರು ಕಿಲುಬು. ಅದರ ಅಕ್ಕಪಕ್ಕದವಕ್ಕೂ ತೆಳುವಾಗಿ ಹಬ್ಬಿತ್ತು. ಉಪ್ಪುಗಾಳಿ ಜಾಲರಿಯ ಮೂಲಕವೇ ಬಂದದ್ದು. ಪಟ್ಟಿಗಳನ್ನು ತೆಗೆದು, ಉಜ್ಜಿ ಹೊಳಪು ಬರಿಸಿ, ತೀರಾ ಸವೆದಿದ್ದ ಎರಡನ್ನು ಬದಲಾಯಿಸಿ, ನಟ್‌ಗಳನ್ನು ಟಾರ್ಕ್ ವ್ರೆಂಚಿನಲ್ಲಿ 5.4 ನ್ಯೂಟನ್ ಮೀಟರ್‌ಗೆ ಬಿಗಿದ. ಆ ಅಂಕೆ ಸಣ್ಣದು, ಕೈಬಲದಿಂದ ಬಿಗಿದರೆ ಟರ್ಮಿನಲ್ ಕಿತ್ತು ಮಾಡ್ಯೂಲೇ ವ್ಯರ್ಥ. ಮುಂದಿನ ಭಾನುವಾರ ಮತ್ತೆ ಆಗುಂಬೆ. ಎಂಟನೆಯ ಬ್ಲಾಕಿಗೂ ಉಳಿದವಕ್ಕೂ ವ್ಯತ್ಯಾಸ 0.2 ವೋಲ್ಟ್. ಅಳಿಸಿದ ಕೋಡ್ ಮರಳಿ ಬರಲಿಲ್ಲ.

ಎ.ಸಿ. ಗ್ಯಾಸ್ ತಂದ ಗಂಡಾಂತರ

ಈ ಪ್ರಕರಣ ನನ್ನದಲ್ಲ, ಪಕ್ಕದ ಬೀದಿಯ ಡಾಕ್ಟರರದು. "ಮಾಸ್ಟ್ರೇ, ಬೆಳಿಗ್ಗೆ ಸರಿಯಿರುತ್ತದೆ, ಮಧ್ಯಾಹ್ನ ಕೆಂಪು ದೀಪ. ಮರುದಿನ ಮತ್ತೆ ಸರಿ" ಎಂದು ಕಾರು ತಂದು ನಿಲ್ಲಿಸಿದರು. ಕೋಡ್ ಪಿ0ಎಎ6. ಅಂದರೆ ಹೈವೋಲ್ಟೇಜ್ ವಿದ್ಯುತ್ ಕಾರಿನ ಮೈಗೆ ಸೋರುತ್ತಿದೆ. ಇದನ್ನು ಕಂಡರೆ ಕಾರು ನಿಲ್ಲಿಸಬೇಕು, ತಮಾಷೆಯಲ್ಲ. ಆದರೆ ಈ ಕೋಡ್ ಕಂಡಾಗಲೂ ಎಲ್ಲರ ಕಣ್ಣು ಹೋಗುವುದು ದೊಡ್ಡ ಬ್ಯಾಟರಿಯತ್ತಲೇ.

ಈ ಕೋಡ್‌ಗೆ ಬಾಲದಂತೆ ಮೂರು ಅಂಕೆಯ ಉಪಕೋಡ್ ಇರುತ್ತದೆ. ಕಂಪನಿಯ ಸ್ಕ್ಯಾನರ್ ಅಥವಾ ಒಳ್ಳೆಯ ಆ್ಯಪ್ ಮಾತ್ರ ಅದನ್ನು ತೋರಿಸುತ್ತದೆ. ಪ್ರಿಯಸ್ ಕುಲದಲ್ಲಿ 612 ಎಂದರೆ ಬ್ಯಾಟರಿಯ ಭಾಗ, 613 ಮೋಟಾರಿನ ಭಾಗ, 614 ಹೈವೋಲ್ಟೇಜ್ ತಂತಿಗಳ ಭಾಗ, 611 ಎ.ಸಿ. ಭಾಗ. ಡಾಕ್ಟರರ ಕಾರಿನಲ್ಲಿ ಇದ್ದದ್ದು 611. ಬೆಳಗಿನ ತಂಪಿನಲ್ಲಿ ಅವರು ಎ.ಸಿ. ಹಾಕುತ್ತಿರಲಿಲ್ಲ, ಅದಕ್ಕೇ ಬೆಳಿಗ್ಗೆ ಸರಿ.

"ಇತ್ತೀಚೆಗೆ ಎ.ಸಿ. ಏನಾದರೂ ಮಾಡಿಸಿದಿರಾ?" ಎಂದು ಕೇಳಿದೆ. ತಂಪು ಸಾಲದೆಂದು ರಸ್ತೆ ಬದಿಯಲ್ಲಿ ಗ್ಯಾಸ್ ತುಂಬಿಸಿದ್ದರು, ಆತ ಜೊತೆಗೆ ಸ್ವಲ್ಪ ಎಣ್ಣೆಯನ್ನೂ ಹಾಕಿದ್ದ. ಮಾಮೂಲಿ ಕಾರಿನ ಎ.ಸಿ. ಕಂಪ್ರೆಸರ್ ಬೆಲ್ಟಿನಿಂದ ತಿರುಗುತ್ತದೆ, ಅದಕ್ಕೆ ಪಿಎಜಿ ಎಣ್ಣೆ. ಹೈಬ್ರಿಡ್‌ನ ಕಂಪ್ರೆಸರ್ ಒಳಗೆ ಹೈವೋಲ್ಟೇಜ್ ಮೋಟಾರೇ ಇದೆ, ಅದರ ಸುರುಳಿಗಳು ಎಣ್ಣೆ ಬೆರೆತ ಗ್ಯಾಸಿನಲ್ಲೇ ಮುಳುಗಿರುತ್ತವೆ. ಆದ್ದರಿಂದ ಅದಕ್ಕೆ ವಿದ್ಯುತ್ ಹರಿಯಬಿಡದ ಪಿಒಇ ಎಣ್ಣೆಯೇ ಬೇಕು, ಎನ್‌ಡಿ-11 ಎಂಬ ಹೆಸರಿನದು. ಪಿಎಜಿ ಸ್ವಲ್ಪ ಸೇರಿದರೂ ನಿರೋಧ ಕುಸಿಯುತ್ತದೆ. ಕೊನೆಗೆ ಎ.ಸಿ. ಸಾಲನ್ನೆಲ್ಲ ತೊಳೆಸಿ ಕಂಪ್ರೆಸರ್ ಬದಲಾಯಿಸಬೇಕಾಯಿತು, ಕೆಲವು ನೂರು ರೂಪಾಯಿಯ ಗ್ಯಾಸಿನ ಆಸೆಗೆ. ಹೈಬ್ರಿಡ್‌ಗೆ ಗ್ಯಾಸ್ ತುಂಬುವ ಯಂತ್ರದ ಕೊಳವೆಯಲ್ಲಿ ಹಿಂದಿನ ಕಾರಿನ ಎಣ್ಣೆ ಉಳಿದಿರಬಹುದೇ ಎಂದು ಕೇಳಿ ತಿಳಿದೇ ಒಪ್ಪಿಕೊಳ್ಳಿ.

612 ಬಂದರೆ ಪ್ಯಾಕಿನೊಳಗೆ ತೇವ, ಸೋರಿದ ದ್ರಾವಣ, ಅಥವಾ ಇಲಿಗಳ ಸಂಸಾರ. ಇಲಿಮೂತ್ರ ಒಳ್ಳೆಯ ವಾಹಕ ಎಂಬುದನ್ನು ಪಾಠದಲ್ಲಿ ನಾನು ಯಾವತ್ತೂ ಹೇಳಿರಲಿಲ್ಲ.

ದೋಷವಲ್ಲದ ದೋಷಗಳು

ಘಾಟಿ ಇಳಿಯುವಾಗ ಬ್ಯಾಟರಿ ತುಂಬಿ ಹಸಿರಾದ ಮೇಲೆ, ಕಾಲು ಆಕ್ಸಿಲರೇಟರ್ ಮೇಲಿಲ್ಲದಿದ್ದರೂ ಎಂಜಿನ್ ಭೋರ್ಗರೆಯುತ್ತದೆ. ತುಂಬಿದ ಕೊಡಕ್ಕೆ ಇನ್ನು ನೀರು ಹಿಡಿಸುವುದಿಲ್ಲವಾದ್ದರಿಂದ, ಬಂದ ವಿದ್ಯುತ್ತನ್ನು ಎಂಜಿನ್ ಸುಮ್ಮನೆ ತಿರುಗಿಸಲು ಖರ್ಚು ಮಾಡುತ್ತದೆ. ಗೇರ್ 'ಬಿ'ಯಲ್ಲಿದ್ದರೆ (ಇಳಿಜಾರಿನಲ್ಲಿ ಎಂಜಿನ್ ಬ್ರೇಕಿಗಾಗಿ ಇರುವುದು) ಇನ್ನೂ ಜೋರು. ಪೆಟ್ರೋಲ್ ಸುಡುತ್ತಿಲ್ಲ, ಏನೂ ಕೆಟ್ಟಿಲ್ಲ.

ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕುವುದು ನಮ್ಮವರ ರಕ್ತದಲ್ಲಿದೆ. ಹೈಬ್ರಿಡ್‌ನಲ್ಲಿ ಅದು ಕೆಟ್ಟ ಅಭ್ಯಾಸ: 'ಎನ್'ನಲ್ಲಿ ಜನರೇಟರ್ ಕೆಲಸ ಮಾಡುವುದಿಲ್ಲ, ಎಂಜಿನ್ ಓಡುತ್ತಿದ್ದರೂ ದೊಡ್ಡ ಬ್ಯಾಟರಿಗೆ ಒಂದು ಹನಿಯೂ ಸೇರುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎ.ಸಿ. ಹಾಕಿಕೊಂಡು ನ್ಯೂಟ್ರಲ್‌ನಲ್ಲಿ ಕಾದರೆ ಚಾರ್ಜ್ ಗೀಟುಗಳು ಒಂದೊಂದಾಗಿ ಕಳಚುತ್ತವೆ, ಎಚ್ಚರಿಕೆಯೂ ಬರುತ್ತದೆ. ಅಳಿಯ ಬೆಂಗಳೂರಿನಿಂದ ಗಾಬರಿಯಾಗಿ ಫೋನ್ ಮಾಡಿದಾಗ ಆಗಿದ್ದು ಇಷ್ಟೇ. 'ಡಿ'ಯಲ್ಲಿಟ್ಟು ಬ್ರೇಕ್ ತುಳಿದಿರಿ, ಬಹಳ ಹೊತ್ತಾದರೆ 'ಪಿ'.

ಚಾರ್ಜ್ ಗೀಟುಗಳು ಪೂರ್ತಿ ತುಂಬಲಿಲ್ಲವೆಂಬುದೂ ದೂರಲ್ಲ, ಕಂಪ್ಯೂಟರ್ ಬೇಕೆಂದೇ ನಡುವಿನ ಮಟ್ಟದಲ್ಲಿ ಇಟ್ಟುಕೊಳ್ಳುತ್ತದೆ. ಆದರೆ ಐದು ನಿಮಿಷದಲ್ಲಿ ಮೇಲಿಂದ ತಳಕ್ಕೆ, ತಳದಿಂದ ಮೇಲಕ್ಕೆ ಜಿಗಿದಾಡತೊಡಗಿದರೆ ಅದು ನಿಜವಾದ ದೂರು.

ಇನ್ವರ್ಟರ್‌ಗೆ ಸೇರಿದ ಪಿ0ಎ93 ಬಂದರೆ ಬಾನೆಟ್ ತೆಗೆದು, 'ರೆಡಿ'ಯಲ್ಲಿಟ್ಟು, ಇನ್ವರ್ಟರ್‌ನ ಪುಟ್ಟ ಕೂಲೆಂಟ್ ಡಬ್ಬದೊಳಗೆ ಟಾರ್ಚ್ ಬಿಟ್ಟು ನೋಡಿ. ದ್ರವ ಸುಳಿ ಸುತ್ತುತ್ತಿದ್ದರೆ ಪಂಪ್ ಜೀವಂತ, ಕೊಳದಂತೆ ನಿಶ್ಚಲವಾಗಿದ್ದರೆ ಪಂಪ್ ಹೋಗಿದೆ. ಎಳೆದೊಯ್ಯಬೇಕಾಗಿ ಬಂದರೆ ಕಾರನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಹಲಗೆ ಲಾರಿಯನ್ನೇ ಕರೆಯಿರಿ. ಮುಂದಿನ ಚಕ್ರ ನೆಲದ ಮೇಲೆ ಉರುಳಿದರೆ ಮೋಟಾರ್ ತಾನೇ ವಿದ್ಯುತ್ ಹುಟ್ಟಿಸುತ್ತದೆ.

ಪ್ಯಾಕ್ ನಿಜಕ್ಕೂ ಸೋತಿದ್ದರೆ

ಗಾಳಿಯ ದಾರಿ ಚೊಕ್ಕಟ, ಕಿಲುಬು ಇಲ್ಲ, ಒಂದು ಬ್ಲಾಕ್ ನಿಂತಾಗಲೂ 1.2 ವೋಲ್ಟ್ ಕೆಳಗೆ. ಆಗ ಒಪ್ಪಿಕೊಳ್ಳಬೇಕು. ಒಂದೆರಡು ಮಾಡ್ಯೂಲ್ ಮಾತ್ರ ಬದಲಾಯಿಸಿಕೊಡುತ್ತೇನೆ ಎನ್ನುವವರು ಸಿಗುತ್ತಾರೆ. ಹತ್ತು ವರ್ಷ ದಾಟಿದ ಪ್ಯಾಕಿನಲ್ಲಿ ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಒಂದು ಹಲಸಿನ ಹಪ್ಪಳಕ್ಕೆ ಬೂಸ್ಟು ಹಿಡಿದರೆ ಡಬ್ಬದ ಉಳಿದವು ಎಷ್ಟು ದಿನ? ಆರು ತಿಂಗಳಿಗೆ ಇನ್ನೊಂದು, ಆಮೇಲೆ ಮತ್ತೊಂದು. ಮಾಡಿಸಲೇಬೇಕಾದರೆ, ಬರುವ ಮಾಡ್ಯೂಲ್‌ಗಳ ಸಾಮರ್ಥ್ಯವನ್ನು ಆಂಪಿಯರ್ ಗಂಟೆಯಲ್ಲಿ ಅಳೆದು ಬರೆದುಕೊಡಲು ಹೇಳಿ. ಹೊಸತಿನದು 6.5, ಬರೀ ವೋಲ್ಟೇಜ್ ನೋಡಿ ಜೋಡಿಸಿದವರಿಗೆ ಹಣ ಕೊಡಬೇಡಿ. ಲಿಥಿಯಂ ಪ್ಯಾಕ್‌ಗಳನ್ನು ಈ ರೀತಿ ಬಿಡಿಬಿಡಿಯಾಗಿ ಕಟ್ಟಿಸುವ ಯೋಚನೆಯೇ ಬೇಡ.

ಹಳೆಯ ಪ್ಯಾಕನ್ನು ಗುಜರಿಗೆ ತೂಕಕ್ಕೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳಿಗೂ ಅನ್ವಯಿಸುತ್ತವೆ, ಮರುಬಳಕೆಯ ಹೊಣೆ ತಯಾರಕರದು. ಹೊಸ ಪ್ಯಾಕಿನ ಬೆಲೆ ಮಾತನಾಡುವಾಗಲೇ ಹಳೆಯದಕ್ಕೆ ಎಷ್ಟು ಕಡಿತ ಎಂದು ಕೇಳಿ, ಮರಳಿಸಿದ್ದಕ್ಕೆ ರಸೀದಿ ಪಡೆಯಿರಿ.